ಗಿಣಿಯ ಮುಂದೆ ಎರಡು ತಟ್ಟೆ

ಸೀಬೆಹಣ್ಣು ಕೊಯ್ದ ವಾಸನೆ ಬಂದರೆ ಈಗಲೂ ನನ್ನ ಕೈ ತಾನಾಗಿಯೇ ಅಲ್ಲಾಡದೆ ನಿಲ್ಲುತ್ತದೆ.

ನಾನು ಸ್ಕೂಲು ಬಿಟ್ಟು ಚನ್ನಪಟ್ಟಣದಲ್ಲಿ ಬೊಂಬೆ ಕೆಲಸಕ್ಕೆ ಸೇರಿದ ವರ್ಷ ಅದು. ಆ ಕೋಪಕ್ಕೆ ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದ, ಊಟಕ್ಕೂ ಜೊತೆಯಲ್ಲಿ ಕೂರುತ್ತಿರಲಿಲ್ಲ. ನಾನೂ ಅವನ ಮಗನೇ, ನಾನಾಗಿ ಮೊದಲು ಮಾತಾಡಲಿಲ್ಲ.

ಆಗ ಅಜ್ಜಿ, ತೆಂಗಿನಮರದ ಪೊಟರೆಯಿಂದ ಬಿದ್ದ ಗಿಣಿಯೊಂದನ್ನು ಸೆರಗಿನಲ್ಲಿ ಸುತ್ತಿ ತಂದಳು. ಪಂಜರವೊಂದರಲ್ಲಿ ಬಿಟ್ಟರೆ ಮೂಲೆ ಹಿಡಿದ ಅದು ಏನನ್ನೂ ತಿನ್ನಲಿಲ್ಲ, ನನ್ನ ಬೆರಳನ್ನು ಮಾತ್ರ ರಕ್ತ ಬರುವಂತೆ ಕಚ್ಚಿತು. ಸತ್ತೇಹೋಗುತ್ತದೆಂದು ಹೆದರಿದೆ.

"ಈ ಮನೇಲಿ ಹಟಮಾರಿಗಳು ಕಮ್ಮಿ ಇದ್ರು ಅಂತ ಇದೂ ಬಂತು," ಎಂದಳು ಅಜ್ಜಿ.

ಭಾನುವಾರ ಮಧ್ಯಾಹ್ನ ಪಂಜರದ ಮುಂದೆಯೇ ಎರಡು ತಟ್ಟೆ ಇಟ್ಟಳು. "ಗಿಣಿ ಒಂಟಿಯಾಗಿ ತಿನ್ನಾಕಿಲ್ಲ ಕಣ್ ಮಗ. ಮನೆಯೋರು ಕುಂತು ಉಂಡ್ರೆ ಅದೂ ತಿಂತದೆ." ಜಗಲಿಯಲ್ಲಿದ್ದ ಅಪ್ಪನನ್ನೂ ಕೂಗಿದಳು: "ಒಸಿ ಬಾರ್ಲಾ, ಪಾಪದ್ ಪ್ರಾಣಿ ಸಾಯ್ತಾ ಐತೆ!"

ಅಪ್ಪ ಬಂದು ಕೂತ. ಒಬ್ಬರ ಮುಖ ಒಬ್ಬರು ನೋಡದೆ ಮುದ್ದೆ ಮುರಿದೆವು. ನಾನು ಎಡಗೈಯಲ್ಲಿ ಸೀಬೆಯ ಹೋಳು ಹಿಡಿದು ಗಿಣಿಯತ್ತ ಚಾಚಿದೆ.

"ಕೈ ಅಲ್ಲಾಡಿಸ್ಬ್ಯಾಡ ಕಣ್ಲಾ," ಎಂದ ಅಪ್ಪ.

ಎಷ್ಟೋ ತಿಂಗಳ ಮೇಲೆ ಅವನು ನನ್ನೊಂದಿಗೆ ಆಡಿದ ಮೊದಲ ಮಾತು. ಗಿಣಿ ಕತ್ತು ಚಾಚಿ ಹೋಳನ್ನು ಕಿತ್ತುಕೊಂಡಿತು.

ಮಾರನೆಯ ಸಂಜೆ ನಾನು ಕೆಲಸದಿಂದ ಬಂದಾಗ ಗಿಣಿ ಒಂಟಿಯಾಗಿಯೇ ಕೂತು ಸೀಬೆ ತಿನ್ನುತ್ತಿತ್ತು. ಅಜ್ಜಿ ನೋಡಿಯೂ ನೋಡದವಳಂತೆ ಪಂಜರದ ಮುಂದೆ ಮತ್ತೆ ಎರಡು ತಟ್ಟೆ ಇಟ್ಟಳು.

ನಾನೂ ಅಪ್ಪನಿಗೆ ಹೇಳಲಿಲ್ಲ.