ಸೇರದ ಕೈ

ಮಾರ್ಮನ್ ಚರ್ಚಿನ ಗಂಡಸರು ಮೊಮ್ಮಗುವನ್ನು ಆಶೀರ್ವದಿಸಲು ಸುತ್ತ ನಿಂತು ಅದರಡಿಗೆ ಒಂದೊಂದು ಕೈ ಕೊಟ್ಟಾಗ, ಬೇರೆ ಚರ್ಚಿನ ನಿವೃತ್ತ ಪಾದ್ರಿಯಾದ ಅಜ್ಜನ ಕೈಯೂ ತಾನಾಗಿ ಮುಂದೆ ಹೋಯಿತು.

“ಅಪ್ಪಾ, ನೀವು ಕೂತ್ಕೊಳ್ಳಿ. ನಮ್ಮ ಯಾಜಕತ್ವ ಇದ್ದೋರಿಗೆ ಮಾತ್ರ ಅಧಿಕಾರ,” ಎಂದ ಮಗ.

“ನಂಬಿದೋರೆಲ್ಲ ಯಾಜಕರೇ ಕಣೋ! ನಿನಗೆ ದೀಕ್ಷಾಸ್ನಾನ ಕೊಟ್ಟಿದ್ದು ಯಾರು?”

“ಅದು ಇಲ್ಲಿ ಲೆಕ್ಕಕ್ಕಿಲ್ಲ ಅಪ್ಪಾ. ಮತ್ತೆ ತಗೊಂಡೆ.”

ಅಜ್ಜಿಕಥೆಯ ರಾಜಕುಮಾರನ ಹಾಗೆ ಅಜ್ಜನ ಕೈ ಮೊಣಕೈತನಕ ಕಲ್ಲಾಯಿತು. ಅದನ್ನು ಹೊತ್ತುಕೊಂಡು ಬಂದು ಬೆಂಚಿನಲ್ಲಿ ಕೂತ. ಪಕ್ಕದಲ್ಲಿ ಸೊಸೆ ಮಗುವಿನ ಖಾಲಿ ಶಾಲನ್ನು ಮಡಚುತ್ತಿದ್ದಳು.

“ಹೆತ್ತ ನಿನಗೂ ಇಲ್ವೇನಮ್ಮಾ?”

“ಹೆಂಗಸರಿಗಿಲ್ಲ, ಮಾವ. ನಿಮ್ಮ ಚರ್ಚಲ್ಲಿ ನೀವು ದೀಕ್ಷಾಸ್ನಾನ ಕೊಡುವಾಗ ಅತ್ತೆ ಏನ್ಮಾಡ್ತಿದ್ರು?”

ಅಜ್ಜ ಅವಳ ಮಡಿಲಿನ ಶಾಲನ್ನು ನೋಡಿದ.

“ಟವೆಲ್ ಹಿಡ್ಕೊಂಡು ಕೂತಿರ್ತಿದ್ಲು,” ಎಂದ.