ಟೈಟಸನ ಬಿಡುಗಡೆಯ ಅರ್ಜಿ

ಇದನ್ನು ಪೂರ್ತಿ ಕೇಳಿ. ಮಧ್ಯದಲ್ಲಿ ಎದ್ದು ಹೋಗಬೇಡಿ, ಕೊನೆಗೆ ನಿಮ್ಮನ್ನೇ ಒಂದು ಮಾತು ಕೇಳುವುದಿದೆ.

ಎದುರಿನ ಬೆಂಚಿನಲ್ಲಿದ್ದ ಬಿಳಿಯನೊಬ್ಬ ತಿರುಗಿ ಮೊದಲು ನೋಡಿದ್ದು ಟೈಟಸನ ಮುಖವನ್ನಲ್ಲ, ಭುಜಗಳನ್ನು. ಆಮೇಲೆ ಕೈಗಳನ್ನು. ಕುದುರೆ ಕೊಳ್ಳುವವರು ನೋಡುವ ಹಾಗೆ. ಅವನು ರೂಫಸ್ ಕಾಬ್. ಅವನನ್ನು ಗುರುತಿಸದ ಕರಿಯರು ಆ ಊರಲ್ಲಿರಲಿಲ್ಲ. ಗುಲಾಮರನ್ನು ಕೊಂಡು, ಸರಪಳಿ ಕಟ್ಟಿ, ಮಿಸಿಸಿಪ್ಪಿಯ ಹತ್ತಿ ತೋಟಗಳಿಗೆ ನಡೆಸಿಕೊಂಡು ಹೋಗುವುದು ಅವನ ವ್ಯಾಪಾರ. ಹೋದವರು ಯಾರೂ ಮರಳಿ ಬಂದಿಲ್ಲ.

ಶಾಸನಸಭೆಯ ಗ್ಯಾಲರಿ ಅದು. ಬೆಂಚುಗಳು ಬಿಳಿಯರಿಗೆ. ಟೈಟಸ್ ಮತ್ತು ಅವನ ಹೆಂಡತಿ ಡಾರ್ಕಸ್ ಹಿಂದಿನ ಗೋಡೆಗೆ ಆತು ನಿಂತಿದ್ದರು. ಕೆಳಗೆ ಸದಸ್ಯರು ಕಡಲೆಕಾಯಿ ಸುಲಿಯುತ್ತಾ ಜನರ ಅರ್ಜಿಗಳನ್ನು ಕೇಳುತ್ತಿದ್ದರು. ಗಿರಣಿಯವನು ಹೊಳೆಗೆ ಕಟ್ಟೆ ಕಟ್ಟಿದ್ದರಿಂದ ಮೀನು ಬರುತ್ತಿಲ್ಲವಂತೆ. ಯಾರೋ ಒಬ್ಬನಿಗೆ ತನ್ನ ಹೆಸರು ಬದಲಾಯಿಸಿಕೊಳ್ಳಬೇಕಂತೆ. ಮುಂದಿನದು ಟೈಟಸನ ಅರ್ಜಿ.

ಇಂಗ್ಲೆಂಡಿನ ರಾಜನ ಕೈಯಿಂದ ಬಿಡಿಸಿಕೊಂಡು ಇನ್ನೂ ಎರಡು ತಲೆಮಾರು ಕಳೆಯದ ರಾಜ್ಯ. ಅಲ್ಲಿ ಗುಲಾಮನನ್ನು ಕೊಳ್ಳಬಹುದಿತ್ತು, ಮಾರಬಹುದಿತ್ತು. ಬಿಡುಗಡೆ ಮಾಡುವ ಅಧಿಕಾರ ಮಾತ್ರ ಮಾಲೀಕರಿಗೂ ಇರಲಿಲ್ಲ. ಅದಕ್ಕೆ ಶಾಸನಸಭೆಯೇ ಒಪ್ಪಬೇಕು. ಟೈಟಸನ ಮಾಲೀಕರಿಗೆ ಎದೆಯ ಕಾಯಿಲೆ. ಮಕ್ಕಳಿಲ್ಲ. ಅವರು ಕಣ್ಣು ಮುಚ್ಚಿದರೆ ಅವರ ಮಂಚ, ಬ್ರೆಡ್ ಬೇಯಿಸುವ ತಟ್ಟೆಗಳು, ಟೈಟಸ್, ಎಲ್ಲವೂ ಹರಾಜಿಗೆ.

"ಏಯ್, ಯಾರ ಆಳೋ ನೀನು?" ಕಾಬ್ ಹೊಗೆಸೊಪ್ಪನ್ನು ಇನ್ನೊಂದು ಕೆನ್ನೆಗೆ ದೂಡಿದ. "ನಿನ್ನ ಮಾಲೀಕರೆಲ್ಲಿ?"

"ಇಲ್ಲೇ, ಈ ಸಭೇಲೇ ಇದ್ದಾರೆ, ಧಣಿ."

"ಆರೋಗ್ಯವಾಗಿದ್ದಾರಾ?"

"ಅಷ್ಟೇನೂ ಚೆನ್ನಾಗಿಲ್ಲ, ಧಣಿ."

"ಅಯ್ಯೋ ಪಾಪ." ಕಾಬ್ ನಕ್ಕ. "ನಾನು ಕಾಯ್ತೀನಿ ಬಿಡು. ನಂಗೇನೂ ಅವಸರ ಇಲ್ಲ."

ಡಾರ್ಕಸ್ ಶಾಲಿನೊಳಗೆ ಮುಖ ಹುದುಗಿಸಿ ಕೆಮ್ಮಿದಳು. ಒಲೆಯ ಸುಟ್ಟ ಗುರುತುಗಳಿದ್ದ ಅವಳ ಕೈ ಗೋಡೆಯನ್ನು ಹಿಡಿದುಕೊಂಡಿತ್ತು.

"ಏನಮ್ಮಾ, ನೀನೂ ಇವನ ಮಾಲೀಕರ ಆಳೇನಾ?"

"ಅಲ್ಲ ಧಣಿ. ನಾನು ಸ್ವತಂತ್ರಳು. ಇವನ ಹೆಂಡ್ತಿ."

"ಹಾಗಾದ್ರೆ ನಿನ್ನಿಂದ ನಂಗೇನೂ ಗಿಟ್ಟಲ್ಲ. ಹೋಗಿ ಆ ಕೆಮ್ಮಿಗೆ ಏನಾದ್ರೂ ಕುಡಿ."

ಕೆಳಗೆ ಗುಮಾಸ್ತ ಹೆಸರುಗಳನ್ನೆಲ್ಲ ನುಂಗಿ ನುಂಗಿ ಓದತೊಡಗಿದ. ಅರ್ಜಿದಾರರು ಟೈಟಸ್ ಎಂಬ ಪೀಪಾಯಿ ಕೆಲಸದವನನ್ನು ಬಿಡುಗಡೆ ಮಾಡಲು ಅಪ್ಪಣೆ ಬೇಡುತ್ತಾರೆ. ನಂಬಿಗಸ್ತ. ಕುಡಿಯುವುದಿಲ್ಲ. ನೆರೆಹೊರೆಯವರ ಸಹಿಯೂ ಇದೆ.

ಬೋಳುತಲೆಯ ಸದಸ್ಯನೊಬ್ಬ ಎದ್ದ. "ಇವತ್ತು ಇವನನ್ನ ಬಿಟ್ರೆ ನಾಳೆ ನನ್ನ ಮನೆ ಆಳೂ ಅರ್ಜಿ ಹಿಡ್ಕೊಂಡು ಬರ್ತಾನೆ. ಆಮೇಲೆ ನನ್ನ ಬೂಟು ನೀವು ಒರೆಸ್ತೀರಾ, ಅಧ್ಯಕ್ಷರೇ?"

ಸಭೆ ನಕ್ಕಿತು. ಅರ್ಜಿಯನ್ನು ಸಭೆಯ ಮುಂದೆ ತಂದಿದ್ದ ಸದಸ್ಯ ಕರ್ನಲ್ ಗಿಲ್ಲಾರ್ಡ್ ಮಾತ್ರ ನಗಲಿಲ್ಲ. "ಅರ್ಜಿ ಕೊಟ್ಟವರು ಇನ್ನೊಂದು ಚಳಿಗಾಲ ನೋಡಲ್ಲ, ಸ್ವಾಮಿ. ಸ್ವಲ್ಪ ಕರುಣೆ ಇರಲಿ."

ಕಾಬ್‌ನ ಕಿವಿ ನೆಟ್ಟಗಾಯಿತು. ಗ್ಯಾಲರಿಯ ಬೆಂಚುಗಳನ್ನು ಒಂದೊಂದಾಗಿ ಹುಡುಕಿದ. ಮುಂದಿನ ಸಾಲಿನಲ್ಲಿ ಕುತ್ತಿಗೆಗೆ ಉಣ್ಣೆ ಬಟ್ಟೆ ಸುತ್ತಿಕೊಂಡ ಬಿಳಿಯ ಮುದುಕರೊಬ್ಬರು ಸೀನುತ್ತಿದ್ದರು. ಕಾಬ್ ತೃಪ್ತಿಯಿಂದ ತಲೆಯಾಡಿಸಿದ.

"ಒಪ್ಪುವವರು ಹೌದೆನ್ನಿ," ಎಂದರು ಅಧ್ಯಕ್ಷರು.

ಅಲ್ಲೊಂದು ಇಲ್ಲೊಂದು ದನಿ.

"ಒಪ್ಪದವರು?"

"ಬೇಡ!" ಕಿಟಕಿಯ ಗಾಜು ಅದುರಿತು. ಗುಮಾಸ್ತ ಆ ಹಾಳೆಯನ್ನು ಪಕ್ಕಕ್ಕೆ ಸರಿಸಿದ. ಮುಂದಿನದು ತೋಳ ಕೊಂದವರಿಗೆ ಬಹುಮಾನ. ಅದಕ್ಕೆ ಎಲ್ಲರೂ ಹೌದೆಂದರು.

ಹೊರಗೆ ಮೆಟ್ಟಿಲ ಮೇಲೆ ಕಾಬ್ ಆ ಮುದುಕರನ್ನು ಕೈ ಹಿಡಿದು ಇಳಿಸುತ್ತಿದ್ದ. ಆಗಾಗ ಹಿಂತಿರುಗಿ ಟೈಟಸನ ಭುಜಗಳನ್ನು ನೋಡುತ್ತಿದ್ದ.

"ಇವತ್ತೋ ನಾಳೆಯೋ ಆ ಕಾಬ್‌ಗೆ ನಿಜ ಗೊತ್ತಾಗುತ್ತೆ," ಬಾಡಿಗೆ ಕೋಣೆಯ ಬಾಗಿಲು ಹಾಕಿದ ಮೇಲೆ ಡಾರ್ಕಸ್ ಪಿಸುಗುಟ್ಟಿದಳು. "ಬಂದರಲ್ಲಿ ಫಿಲಡೆಲ್ಫಿಯಾಕ್ಕೆ ಹೋಗೋ ಹಡಗಿದೆ. ಅಲ್ಲಿ ಗುಲಾಮಗಿರಿ ಇಲ್ಲ. ಮಾಲೀಕರು ಕೆಲಸದ ಮೇಲೆ ಕಳ್ಸಿದ್ದಾರೆ ಅಂತ ಒಂದು ಚೀಟಿ ಇದ್ರೆ ಯಾರೂ ತಡೆಯಲ್ಲ. ಇಳಿದ್ಮೇಲೆ ಮತ್ತೆ ಈ ಕಡೆ ತಲೆ ಹಾಕ್ಬೇಡ."

"ನೀನೂ ಬಾ."

"ಗಂಡ ಹೆಂಡ್ತಿ ಒಟ್ಟಿಗೆ ಹತ್ತಿದ್ರೆ ಓಡಿಹೋಗ್ತಿದ್ದಾರೆ ಅಂತ ಹಡಗಿನ ನಾಯಿಗೂ ಗೊತ್ತಾಗುತ್ತೆ. ಈ ಕೆಮ್ಮು ಕಟ್ಕೊಂಡು ನಾನು ಬಂದರಿನ ತನಕಾನೂ ತಲುಪಲ್ಲ."

"ಮತ್ತೆ ನಿನ್ನ ಯಾರು ನೋಡ್ಕೊಳ್ತಾರೆ?"

ಅವಳು ಶಾಲನ್ನು ಬಿಗಿಯಾಗಿ ಹೊದ್ದುಕೊಂಡಳು. ಟೈಟಸ್ ಅವಳನ್ನೇ ದಿಟ್ಟಿಸಿ ಕಹಿಯಾಗಿ ನಕ್ಕ. "ಅಂಥ ಚೀಟಿ ಕೊಡೋಕೆ ನನ್ನ ಮಾಲೀಕರಿಗೆ ಮನಸ್ಸು ಬರುತ್ತಾ?"

"ಬರಲ್ಲ. ಆದ್ರೂ ಕೊಡ್ತಾರೆ. ಕೊಟ್ರೆ ನೀನು ಹೋಗ್ಲೇಬೇಕು."

ಟೈಟಸ್ ಬೆಚ್ಚಿದ. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಆ ದನಿಯಲ್ಲಿ ಮಾತಾಡಿರಲಿಲ್ಲ.

"ಇದು ಅಪ್ಪಣೇನಾ, ಡಾರ್ಕಸ್?"

ಅವಳು ಮೇಜಿನ ಮುಂದೆ ಕೂತು ಲೇಖನಿಯನ್ನು ಮಸಿಗೆ ಅದ್ದಿದಳು. ಈ ಚೀಟಿ ತಂದಿರುವ ಟೈಟಸನನ್ನು ಫಿಲಡೆಲ್ಫಿಯಾದಿಂದ ಹಿಟ್ಟು ತರಲು ಕಳಿಸಿದ್ದೇನೆ, ದಯವಿಟ್ಟು ಯಾರೂ ತಡೆಯಬಾರದು. ಅಷ್ಟನ್ನು ಎಲ್ಲೂ ತಡೆಯದೆ ಬರೆದಳು. ಅವನು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ. ಅವನ ಭುಜಗಳು ಅಲುಗುತ್ತಿದ್ದವು.

ಕೆಳಗೆ ಮಾಲೀಕರ ಸಹಿ ಬೇಕಾದಲ್ಲಿ ಅವಳು ತನ್ನದೇ ಹೆಸರಿನ ಮೊದಲ ಅಕ್ಷರ ಬರೆದು ನಿಲ್ಲಿಸಿದಳು. ಬ್ರೆಡ್ ಮಾರಿ ಕೂಡಿಸಿದ ದುಡ್ಡಿನಿಂದ ಹಿಂದೊಮ್ಮೆ ಹರಾಜಿನಲ್ಲಿ ಗಂಡನನ್ನು ಕೊಂಡವಳು ಅವಳೇ. ನೀವಾಗಿದ್ದರೆ, ಉಳಿದ ಅಕ್ಷರಗಳನ್ನು ಬರೆಯುತ್ತಿದ್ದಿರಾ?