ಹೆಸರಿನ ಹಲಗೆ

ಮಳೆಗಾಲವಿಡೀ ಹೊಳೆಯಲ್ಲಿ ತೇಲಾಡಿದ ಕುದ್ರುಗಳೆಲ್ಲ, ಅಂದರೆ ನಡುಗಡ್ಡೆಗಳೆಲ್ಲ, ಆ ವರ್ಷದ ತಮ್ಮ ಜಾಗದಲ್ಲಿ ನಿಂತಿದ್ದವು. ಅವುಗಳಲ್ಲಿ ಸಾಕಷ್ಟು ಉದ್ದವಿದ್ದದ್ದಕ್ಕೆ ವಿಮಾನ ನಿಲ್ದಾಣ ಸಿಗುವುದು ವಾಡಿಕೆ. ಅಳತೆಯ ಅಧಿಕಾರಿ ಹೊನ್ನೆಕುದ್ರುವಿನ ಅಂಚಿಗೆ ಬಂದು ಹಗ್ಗ ಕೆಳಗಿಟ್ಟರು.

“ಸಾಲುದಿಲ್ಲ ಜಲಜಕ್ಕ. ಇಪ್ಪತ್ತು ಮಾರು ಕಮ್ಮಿ.”

ಜಲಜ ಮಲ್ಲಿಗೆ ಬೆಳೆಯುವವಳು. ಹೋದ ವರ್ಷ ನಿಲ್ದಾಣ ದೂರದ ಅಳಿವೆಯಲ್ಲಿತ್ತು. ದೋಣಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಅರ್ಧ ಹೂವು ಬಾಡುತ್ತಿತ್ತು.

“ಆಚೆಯದ್ದು ಸೇರಿಸಿದ್ರೆ?” ಎಂದು ಕೇಳಿದಳು. ಈ ಸಲ ಏಡಿಕುದ್ರು ಪಕ್ಕದಲ್ಲೇ ಬಂದು ನಿಂತಿತ್ತು. ನಡುವೆ ಇದ್ದದ್ದು ನೀರು ಹರಿಯುವ ಒಂದು ಸಣ್ಣ ತೋಡು.

“ನಡೆದು ದಾಟುವ ಹಾಗಿದ್ರೆ ಎರಡೂ ಒಂದೇ ಅಂತ ಬರೀಬಹುದು. ಆದ್ರೆ ಹೆಸರೂ ಒಂದೇ ಇರ್ಬೇಕು.”

ತೋಡಿನಾಚೆ ಏಡಿಕುದ್ರುವಿನ ಪೌಲಿನ್ ಬಾಯಿ ಏಡಿಗಳನ್ನು ಬುಟ್ಟಿಗೆ ತುಂಬುತ್ತ ಕೇಳಿಸಿಕೊಳ್ಳುತ್ತಿದ್ದಳು. ಹತ್ತು ವರ್ಷದ ಹಿಂದೆ ಕುದ್ರುಗಳು ಹೀಗೇ ಅಕ್ಕಪಕ್ಕ ನಿಂತಾಗ, ಯಾವ ಹೆಸರೆಂದು ಇಬ್ಬರೂ ಜಗಳವಾಡಿ ನಿಲ್ದಾಣವನ್ನೂ ಕಳೆದುಕೊಂಡಿದ್ದರು, ಮಾತನ್ನೂ ಬಿಟ್ಟಿದ್ದರು.

ಜಲಜ ದಂಡೆಯಲ್ಲಿದ್ದ ತನ್ನ ಕುದ್ರುವಿನ ಹೆಸರಿನ ಹಲಗೆಯನ್ನು ಕಿತ್ತಳು. ಅಕ್ಷರ ಕೆಳಗೆ ಮಾಡಿ ತೋಡಿಗೆ ಅಡ್ಡ ಹಾಕಿದಳು.

“ಬನ್ನಿ ಬಾಯಿ.”

ಪೌಲಿನ್ ಬಾಯಿ ಒಂದು ಕಾಲಿಟ್ಟು ನೋಡಿ ಹಿಂದೆ ಸರಿದಳು.

“ಒಂದೇ ಹಲಗೆ ಅಲ್ಲಾಡ್ತದೆ ಮಾರಾಯ್ತಿ,” ಎಂದು ಏಡಿಕುದ್ರುವಿನ ಹಲಗೆಯನ್ನೂ ಕಿತ್ತು ತಂದು ಪಕ್ಕದಲ್ಲಿ ಮಗುಚಿ ಹಾಕಿದಳು.

“ಹಾಗಾದ್ರೆ ಹೆಸರು ಎಂತ ಬರೀಲಿ?” ಎಂದರು ಅಧಿಕಾರಿ.

“ಮೊದಲು ಅಳೀರಿ,” ಎಂದರು ಇಬ್ಬರೂ.

ಅಧಿಕಾರಿ ಹಲಗೆಗಳ ಮೇಲೆ ನಡೆದು ಆಚೆ ದಂಡೆಗೆ ಅಳೆಯುತ್ತ ಹೋದರು. ಈ ಸಲ ಹಗ್ಗವೇ ಸಾಲಲಿಲ್ಲ.